ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಆಯಿಲ್ ಲೀಕ್: ಗೇರ್‌ಬಾಕ್ಸ್ ಇಳಿಸುವ ಮುಂಚೆ ಏನು ನೋಡಬೇಕು, ಇಳಿಸಿದ ಮೇಲೆ ಏನೇನು ಮಾಡಬೇಕು

ರಾತ್ರಿ ಕಾರು ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ನಾಣ್ಯದಗಲ ಎಣ್ಣೆ ಕಲೆ. ಬಗ್ಗಿ ನೋಡಿದರೆ ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಯ ಕೆಳಗೆ ಒಂದು ಹನಿ ನೇತಾಡುತ್ತಿದೆ. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು.’ ಓದುಗರು ಪದೇ ಪದೇ ಕೇಳುವುದೂ ಇದನ್ನೇ. ನಿಜವಾಗಿಯೂ ಇಳಿಸಲೇಬೇಕಾ?

ಕೆಲವೊಮ್ಮೆ ಬೇಕು, ಎಷ್ಟೋ ಸಲ ಬೇಡ. ಸೀಲ್‌ನ ಬೆಲೆ ಅಲ್ಪ, ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಅದರ ಹತ್ತಾರು ಪಟ್ಟು. ಹಾಗಾಗಿ ಹನಿ ಎಲ್ಲಿ ಬೀಳುತ್ತಿದೆ ಎನ್ನುವುದಕ್ಕಿಂತ ಎಲ್ಲಿಂದ ಹೊರಟಿದೆ ಎನ್ನುವುದು ಮುಖ್ಯ. ಎಣ್ಣೆ ಎಂಜಿನ್ ಮೈಮೇಲೆ ಹರಿದು ತಗ್ಗಿನ ಜಾಗದಲ್ಲಿ ಸೇರುತ್ತದೆ, ಆ ತಗ್ಗು ಹೆಚ್ಚಿನ ಕಾರುಗಳಲ್ಲಿ ಇದೇ ಸಂದಿ.

ಈ ಬರಹ ಮ್ಯಾನ್ಯುವಲ್ ಗೇರಿನ, ಎಂಜಿನ್ ಅಡ್ಡಕ್ಕೆ ಕೂತಿರುವ ಮಾರುತಿ 800, ಆಲ್ಟೊ ತರಹದ ಸಣ್ಣ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಜಿಪ್ಸಿ, ಓಮ್ನಿಯಂತಹ ಉದ್ದಕ್ಕೆ ಕೂತ ಎಂಜಿನ್‌ಗಳಿಗೂ ತರ್ಕ ಅದೇ, ಬಿಚ್ಚುವ ಕ್ರಮ ಮಾತ್ರ ಬೇರೆ.

ಮೊದಲು ಒಳಗೆ ಏನಿದೆ ತಿಳಿಯಿರಿ

ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡವೇ ಕ್ರ್ಯಾಂಕ್‌ಶಾಫ್ಟ್. ಅದರ ಹಿಂತುದಿ, ಅಂದರೆ ಗೇರ್‌ಬಾಕ್ಸ್ ಕಡೆಯ ತುದಿ, ಎಂಜಿನ್ ಬ್ಲಾಕಿನಿಂದ ಹೊರಗೆ ಬರುವ ಕಡೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗೆ ಕ್ರ್ಯಾಂಕ್ ರಿಯರ್ ಸೀಲ್ ಎನ್ನುತ್ತಾರೆ. ಆ ತುದಿಗೆ ಫ್ಲೈವೀಲ್ ಎಂಬ ಭಾರದ ಚಕ್ರ, ಅದರ ಮೇಲೆ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್. ಗೇರ್‌ಬಾಕ್ಸಿನಿಂದ ಹಲ್ಲುಗಳಿರುವ ಒಂದು ದಂಡ ಬಂದು ಕ್ಲಚ್ ಪ್ಲೇಟಿನ ನಡುವೆ ತೂರಿಕೊಳ್ಳುತ್ತದೆ. ಅದು ಇನ್‌ಪುಟ್ ಶಾಫ್ಟ್, ಅದಕ್ಕೂ ಒಂದು ಸೀಲ್ ಇದೆ. ಇಷ್ಟನ್ನೂ ಮುಚ್ಚಿಕೊಂಡಿರುವ ಗಂಟೆಯಾಕಾರದ ಚಿಪ್ಪೇ ಬೆಲ್ ಹೌಸಿಂಗ್. ಈ ಚಿಪ್ಪಿನ ಒಳಗೆ ಎಣ್ಣೆ ಇರಲೇಬಾರದು. ಕ್ಲಚ್ ಒಣಗಿದ್ದರೆ ಮಾತ್ರ ಹಿಡಿಯುತ್ತದೆ.

ಹಂತ 1: ಯಾವ ದ್ರವ ಎಂದು ಗುರುತಿಸಿ

ಸಂದಿಯ ಕೆಳಗೆ ರಾತ್ರಿಯಿಡೀ ಬಿಳಿ ರಟ್ಟು ಹಾಸಿ. ಬಿದ್ದದ್ದನ್ನು ಬೆಳಿಗ್ಗೆ ಬೆಳಕಿನಲ್ಲಿ ನೋಡಿ, ಬೆರಳಿಗೆ ಹಚ್ಚಿ ತಿಕ್ಕಿ, ಮೂಸಿ.

ಕಂದು ಅಥವಾ ಕಪ್ಪಾಗಿದ್ದರೆ ಎಂಜಿನ್ ಆಯಿಲ್. ಡೀಸೆಲ್ ಕಾರಾದರೆ ಕಾಡಿಗೆಯಂತೆ ಕಪ್ಪು. ಗೇರ್ ಆಯಿಲ್ ಜೇನಿನ ಬಣ್ಣದ್ದು, ಜಿಗುಟು ಹೆಚ್ಚು, ಗಂಧಕದ ಕಟು ವಾಸನೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಕೆಂಪಗೆ ತೆಳ್ಳಗಿದ್ದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಆಯಿಲ್ ಇರಬಹುದು. ನೀರಿನಂತೆ ತೆಳ್ಳಗಿದ್ದು ಹಸಿರು ಅಥವಾ ಗುಲಾಬಿ ಬಣ್ಣ, ಸಿಹಿ ವಾಸನೆ ಇದ್ದರೆ ಕೂಲೆಂಟ್. ಎಂಜಿನ್ ಬ್ಲಾಕಿನಲ್ಲಿ ಫ್ಲೈವೀಲ್ ಹಿಂದೆ ಅಡಗಿರುವ ಬಟ್ಟಲಾಕಾರದ ತಗಡಿನ ಪ್ಲಗ್ ತುಕ್ಕು ಹಿಡಿದರೆ ಹೀಗಾಗುತ್ತದೆ.

ಬ್ರೇಕ್ ಫ್ಲೂಯಿಡ್‌ನಲ್ಲಿ ತುಂಬ ಜನ ಎಡವುತ್ತಾರೆ. ಹೈಡ್ರಾಲಿಕ್ ಕ್ಲಚ್ ಇರುವ ಕೆಲವು ಕಾರುಗಳಲ್ಲಿ ಕ್ಲಚ್ ಒತ್ತುವ ಸಿಲಿಂಡರ್ ಬೆಲ್ ಹೌಸಿಂಗ್ ಒಳಗೇ ಇರುತ್ತದೆ. ಅದು ಸೋರಿದರೆ ಹನಿ ಬೀಳುವುದು ಇದೇ ಸಂದಿಯಿಂದ. ಪರೀಕ್ಷೆ ಸುಲಭ: ಒಂದು ಲೋಟ ನೀರಿಗೆ ಎರಡು ಹನಿ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಎಟಿಎಫ್ ಮೂರೂ ತೇಲುತ್ತವೆ. ಬ್ರೇಕ್ ಫ್ಲೂಯಿಡ್ ಮತ್ತು ಕೂಲೆಂಟ್ ನೀರಿನಲ್ಲಿ ಬೆರೆತುಹೋಗುತ್ತವೆ. ಬ್ರೇಕ್ ಫ್ಲೂಯಿಡ್ ಎಂದು ಖಾತ್ರಿಯಾದರೆ ಕಾರನ್ನು ಓಡಿಸಬೇಡಿ. ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಡಬ್ಬ ಒಂದೇ.

ಹಂತ 2: ತೊಳೆದು, ಮೇಲಿನಿಂದ ಕೆಳಕ್ಕೆ ಹುಡುಕಿ

ಎಣ್ಣೆ, ಧೂಳು ಮೆತ್ತಿದ ಎಂಜಿನ್ ನೋಡಿ ಯಾರೂ ಲೀಕ್ ಹೇಳಲಾರರು. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಹಚ್ಚಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಆಲ್ಟರ್ನೇಟರ್, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ), ಗಾಳಿ ಹೀರುವ ಬಾಯಿಗಳನ್ನು ಪ್ಲಾಸ್ಟಿಕ್ ಕವರಿನಿಂದ ಮುಚ್ಚಿ. ಪೆಟ್ರೋಲ್ ಹಾಕಿ ತೊಳೆಯುವ ಅಭ್ಯಾಸ ಬಿಟ್ಟುಬಿಡಿ, ಒಂದು ಕಿಡಿ ಸಾಕು.

ಒಣಗಿದ ಮೇಲೆ ಎಂಜಿನ್ನಿನ ಹಿಂಬದಿಗೆ, ಬೆಲ್ ಹೌಸಿಂಗ್ ಮೇಲಂಚಿಗೆ ಟಾಲ್ಕಂ ಪೌಡರ್ ತೆಳುವಾಗಿ ಊದಿ. 15–20 ಕಿ.ಮೀ. ಓಡಿಸಿ ಬಂದು ಟಾರ್ಚ್ ಹಾಕಿ ನೋಡಿದರೆ ಬಿಳಿ ಪುಡಿಯ ಮೇಲೆ ಎಣ್ಣೆ ಹರಿದ ದಾರಿ ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಯ ಮೇಲ್ತುದಿಯೇ ನಿಮಗೆ ಬೇಕಾದ ಜಾಗ. ಇನ್ನೂ ಖಚಿತವಾಗಿ ಬೇಕಿದ್ದರೆ ಎಣ್ಣೆಗೆ ಬೆರೆಸುವ ಯುವಿ ಡೈ ಸಿಗುತ್ತದೆ, ನೇರಳೆ ಟಾರ್ಚ್ ಬೆಳಕಿಗೆ ಹೊಳೆಯುತ್ತದೆ.

ಮೇಲಿನಿಂದ ಈ ಕ್ರಮದಲ್ಲಿ ನೋಡುತ್ತ ಬನ್ನಿ:

ಎಂಜಿನ್ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರ್‌ನ ಪ್ಯಾಕಿಂಗ್, ಅದರಲ್ಲೂ ಗೇರ್‌ಬಾಕ್ಸ್ ಕಡೆಯ ಮೂಲೆ. ಶಾಖಕ್ಕೆ ರಬ್ಬರ್ ಗಟ್ಟಿಯಾಗಿ ಪ್ಲಾಸ್ಟಿಕ್‌ನಂತಾಗಿರುತ್ತದೆ.

ಡಿಸ್ಟ್ರಿಬ್ಯೂಟರ್ ಮತ್ತು ಅದು ಕೂರುವ ಕೇಸ್. ಕಾರ್ಬ್ಯುರೇಟರ್ ಕಾಲದ ಮಾರುತಿಗಳಲ್ಲಿ ಇದು ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಹಿಂತುದಿಯಲ್ಲಿ, ಬೆಲ್ ಹೌಸಿಂಗ್‌ಗೆ ನೇರ ಮೇಲೆ ಇದೆ. ಒಂದು ಸಣ್ಣ ಓ-ರಿಂಗ್ ಸೋತರೆ ಎಣ್ಣೆ ಬ್ಲಾಕಿನ ಬೆನ್ನ ಮೇಲೆ ಇಳಿದು ಸಂದಿಯ ಕೆಳಗೆ ತೊಟ್ಟಿಕ್ಕುತ್ತದೆ, ಥೇಟ್ ಕ್ರ್ಯಾಂಕ್ ಸೀಲ್ ಹೋದ ಹಾಗೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಜಿಪ್ಸಿಗಳಲ್ಲಿ ಈ ಜಾಗ ಫೈರ್‌ವಾಲಿಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಒತ್ತಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಕೈಗನ್ನಡಿ ಹಿಡಿದು ನೋಡಿ. ಜಿಪ್ಸಿ ಇರುವವರು ಇದನ್ನು ನೋಡದೆ ಗೇರ್‌ಬಾಕ್ಸ್ ಇಳಿಸಲು ಒಪ್ಪಲೇಬೇಡಿ.

ಆಮೇಲೆ ಆಯಿಲ್ ಪ್ರೆಷರ್ ಸ್ವಿಚ್, ಆಯಿಲ್ ಫಿಲ್ಟರ್ ಬುಡ, ಹೆಡ್ ಗ್ಯಾಸ್ಕೆಟ್‌ನ ಹಿಂಮೂಲೆ. ಟರ್ಬೊ ಡೀಸೆಲ್ ಆದರೆ ಟರ್ಬೊದಿಂದ ಕೆಳಗೆ ಎಣ್ಣೆ ಮರಳುವ ಪೈಪು. ಕೆಳಗೆ ಆಯಿಲ್ ಚೇಂಬರ್ (ಎಣ್ಣೆ ನಿಲ್ಲುವ ತಳದ ತಗಡಿನ ಬಟ್ಟಲು) ಪ್ಯಾಕಿಂಗ್‌ನ ಹಿಂಬದಿ. ಪಕ್ಕದಲ್ಲಿ ಡ್ರೈವ್ ಶಾಫ್ಟ್, ಅಂದರೆ ನಮ್ಮ ಗ್ಯಾರೇಜಿನ ಮಾತಿನಲ್ಲಿ ಆಕ್ಸೆಲ್, ಗೇರ್‌ಬಾಕ್ಸ್ ಒಳಗೆ ಹೋಗುವ ಕಡೆಯ ಸೀಲ್. ಇದು ಸೋರಿದರೆ ಬರುವುದು ಗೇರ್ ಆಯಿಲ್. ಆಕ್ಸೆಲ್ ಎಳೆದು ಸೀಲ್ ಬದಲಿಸಿದರೆ ಮುಗಿಯಿತು, ಗೇರ್‌ಬಾಕ್ಸ್ ಇಳಿಸಬೇಕಿಲ್ಲ.

ಇವೆಲ್ಲ ಒಣಗಿದ್ದು, ಬೆಲ್ ಹೌಸಿಂಗ್‌ನ ಕೆಳತೂತಿನಿಂದ ಮಾತ್ರ ಹನಿ ಬರುತ್ತಿದ್ದರೆ ಅನುಮಾನ ಒಳಗಡೆಗೆ ತಿರುಗಬೇಕು. ಬ್ಯಾಟರಿಯ ನೆಗೆಟಿವ್ ತೆಗೆದು ಸ್ಟಾರ್ಟರ್ ಮೋಟಾರ್ ಬಿಚ್ಚಿದರೆ ಒಂದು ಕಿಟಕಿ ಸಿಕ್ಕಂತೆ. ಅಲ್ಲಿಂದ ಫ್ಲೈವೀಲ್ ಹಲ್ಲುಗಳು ಒದ್ದೆಯೋ ಒಣಗಿವೆಯೋ ಕಾಣುತ್ತದೆ.

ಹಂತ 3: ಎಂಜಿನ್ ಉಸಿರು ಕಟ್ಟಿದೆಯೇ ನೋಡಿ

ಹೊಸ ಸೀಲ್ ಹಾಕಿ ಮೂರು ತಿಂಗಳಿಗೇ ಮತ್ತೆ ಸೋರಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಹೊಗೆಗಾಳಿ ಕೆಳಗಿನ ಆಯಿಲ್ ಚೇಂಬರ್ ಕಡೆಗೆ ಇಳಿಯುವುದು ಸಹಜ. ಅದನ್ನು ಮತ್ತೆ ಎಂಜಿನ್ ಬಾಯಿಗೆ ಎಳೆದುಕೊಳ್ಳುವ ಏಕಮುಖ ವಾಲ್ವ್‌ಗೆ ಪಿಸಿವಿ ವಾಲ್ವ್ ಎಂದು ಹೆಸರು. ಅದು ಮಡ್ಡಿ ಕಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡ ಏರಿ ಎಣ್ಣೆಯನ್ನು ಸೀಲ್ ದಾಟಿಸಿ ಹೊರಗೆ ನೂಕುತ್ತದೆ.

ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು, ಆ ಬಾಯಿಗೆ ತೆಳು ಪ್ಲಾಸ್ಟಿಕ್ ಚೀಲ ಮುಚ್ಚಿ ಕೈಯಿಂದ ಬಿಗಿಯಾಗಿ ಹಿಡಿಯಿರಿ. ಪೆಟ್ರೋಲ್ ಕಾರಿನಲ್ಲಿ ಚೀಲ ಒಳಕ್ಕೆ ಹೀರಿಕೊಳ್ಳಬೇಕು ಅಥವಾ ಸಡಿಲವಾಗೇ ಇರಬೇಕು. ಬಲೂನಿನಂತೆ ಉಬ್ಬಿ ಬಿಗಿಯಾದರೆ ಉಸಿರು ಕಟ್ಟಿದೆ ಎಂದರ್ಥ. ಪಿಸಿವಿ ವಾಲ್ವ್ ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿ. ಕಟಕಟ ಅನ್ನದಿದ್ದರೆ ಬದಲಿಸಿ, ಪೈಪು ಒಳಗೆ ಕಟ್ಟಿಕೊಂಡಿದ್ದರೆ ಚೊಕ್ಕ ಮಾಡಿ. ಅದಾದ ಮೇಲೂ ಚೀಲ ಉಬ್ಬುತ್ತಿದ್ದರೆ ರಿಂಗ್ ಸವೆದಿದೆ. ಆಗ ಸೀಲ್‌ಗೆ ದುಡ್ಡು ಹಾಕುವ ಮೊದಲು ಎಂಜಿನ್ ಕೆಲಸದ ಬಗ್ಗೆ ಯೋಚಿಸಬೇಕು. ಡೀಸೆಲ್‌ನಲ್ಲಿ ಅಲ್ಪಸ್ವಲ್ಪ ಉಬ್ಬುವುದು ಇದ್ದದ್ದೇ, ಗಾಬರಿ ಬೇಡ.

ಡಿಪ್‌ಸ್ಟಿಕ್ ಕೂಡ ನೋಡಿ. ಮೇಲಿನ ಗುರುತು ದಾಟಿ ಎಣ್ಣೆ ತುಂಬಿದ್ದರೆ ಅದನ್ನು ಇಳಿಸಿ, ಒಂದು ವಾರ ಓಡಿಸಿ, ಆಮೇಲೆ ತೀರ್ಮಾನಿಸಿ.

ಹಂತ 4: ಈಗಲೇ ಮಾಡಬೇಕೇ?

ಸಂದಿ ಬರೀ ತೇವವಾಗಿದ್ದು ಹನಿ ಬೀಳದಿದ್ದರೆ, ಕ್ಲಚ್ ಚೆನ್ನಾಗಿ ಹಿಡಿಯುತ್ತಿದ್ದರೆ ಕಾಯಬಹುದು. ವಾರಕ್ಕೊಮ್ಮೆ ಎಣ್ಣೆ ಮಟ್ಟ ನೋಡಿಕೊಳ್ಳಿ. ಮುಂದೆ ಕ್ಲಚ್ ಬದಲಿಸುವಾಗ ಸೀಲನ್ನೂ ಹಾಕಿಸಿದರೆ ಒಂದೇ ಕೂಲಿಯಲ್ಲಿ ಎರಡು ಕೆಲಸ. ಆದರೆ ಏರಿನಲ್ಲಿ ಎಂಜಿನ್ ಕಿರುಚಿ ಕಾರು ಮುಂದೆ ಹೋಗದಿದ್ದರೆ, ಮೊದಲ ಗೇರಿನಲ್ಲಿ ಹೊರಡುವಾಗ ಇಡೀ ಗಾಡಿ ಅದುರಿದರೆ, ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದು ಹೊಗೆಯೆದ್ದರೆ ಮುಂದೂಡಬೇಡಿ.

ಲೀಕ್ ನಿಲ್ಲಿಸುವ ಬಾಟಲಿ ಔಷಧ ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸುತ್ತದೆ, ಅಷ್ಟೇ. ತುಟಿ (ದಂಡಕ್ಕೆ ಒತ್ತಿಕೊಂಡಿರುವ ಒಳ ಅಂಚು) ಸವೆದ ಅಥವಾ ಹರಿದ ಸೀಲ್‌ಗೆ ಅದರಿಂದ ಪ್ರಯೋಜನವಿಲ್ಲ.

ಹಂತ 5: ಸಾಮಾನು ಮೊದಲೇ ತನ್ನಿ

ಗೇರ್‌ಬಾಕ್ಸ್ ಕೆಳಗಿಟ್ಟು ಅಂಗಡಿಗೆ ಓಡುವ ಹಾಗಾಗಬಾರದು. ಬೇಕಾಗುವುದು: ಕ್ರ್ಯಾಂಕ್ ರಿಯರ್ ಸೀಲ್, ಅದರ ಹೌಸಿಂಗ್ (ಸೀಲ್ ಕೂರುವ, ಬ್ಲಾಕಿಗೆ ಬೋಲ್ಟ್ ಹಾಕಿದ ಮುಚ್ಚಳ) ಪ್ಯಾಕಿಂಗ್, ಇನ್‌ಪುಟ್ ಶಾಫ್ಟ್ ಸೀಲ್, ಎರಡು ಆಕ್ಸೆಲ್ ಸೀಲ್, ಪೆಡಲ್ ತುಳಿದಾಗ ಪ್ರೆಷರ್ ಪ್ಲೇಟನ್ನು ಒತ್ತುವ ರಿಲೀಸ್ ಬೇರಿಂಗ್. ಕ್ಲಚ್ ಅರ್ಧ ಸವೆದಿದ್ದರೆ ಪ್ಲೇಟ್ ಸೆಟ್ಟೂ ಬೇಕು. ಎಣ್ಣೆಗೆ ಜಗ್ಗದ ಆರ್‌ಟಿವಿ ಸೀಲೆಂಟ್ (ಅಂಗಡಿಯಲ್ಲಿ ‘ಅನಾಬಾಂಡ್’ ಎಂದರೆ ಕೊಡುತ್ತಾರೆ), ಬೋಲ್ಟ್‌ಗೆ ಹಚ್ಚುವ ಥ್ರೆಡ್ ಲಾಕರ್, ಬ್ರೇಕ್ ಕ್ಲೀನರ್ ಎರಡು ಡಬ್ಬ. ಗೇರ್ ಆಯಿಲ್ ಸಣ್ಣ ಕಾರುಗಳಿಗೆ ಸುಮಾರು 2 ಲೀಟರ್. ಗ್ರೇಡ್ ಮಾತ್ರ ಕಾರಿನ ಪುಸ್ತಕದಲ್ಲಿ ಇರುವುದೇ ಆಗಬೇಕು. ಜಿಎಲ್-4 ಹೇಳಿರುವ ಕಡೆ ಸಿಕ್ಕಿದ ಜಿಎಲ್-5 ಸುರಿಯಬೇಡಿ.

ಸಲಕರಣೆಗಳಲ್ಲಿ ಟಾರ್ಕ್ ರೆಂಚ್, ಕ್ಲಚ್ ಪ್ಲೇಟನ್ನು ನಡುಮಧ್ಯಕ್ಕೆ ಹಿಡಿಯುವ ಅಲೈನ್‌ಮೆಂಟ್ ಕಡ್ಡಿ, ಗಟ್ಟಿಮುಟ್ಟಾದ ಸ್ಟ್ಯಾಂಡುಗಳು, ಗೇರ್‌ಬಾಕ್ಸ್ ಹೊರುವ ಜಾಕ್. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಇಟ್ಟಿಗೆ, ಹಾಲೋಬ್ಲಾಕ್ ಒಟ್ಟುವುದಂತೂ ಬೇಡವೇ ಬೇಡ, ಭಾರಕ್ಕೆ ಒಮ್ಮೆಲೇ ಸಿಡಿಯುತ್ತವೆ.

ಹಂತ 6: ಇಳಿಸುವುದು

ಬ್ಯಾಟರಿ ನೆಗೆಟಿವ್ ತೆಗೆಯಿರಿ. ಗೇರ್ ಆಯಿಲ್ ಬಸಿಯಿರಿ, ಆದರೆ ಅದಕ್ಕೂ ಮೊದಲು ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ನೋಡಿ. ಅದು ಕಚ್ಚಿಕೊಂಡಿದ್ದರೆ ಬಸಿದ ಗೇರ್‌ಬಾಕ್ಸಿಗೆ ಮತ್ತೆ ಎಣ್ಣೆ ಹಾಕಲು ದಾರಿಯೇ ಇರುವುದಿಲ್ಲ. ಕ್ಲಚ್ ಕೇಬಲ್, ಗೇರ್ ಲಿಂಕ್, ಸ್ಪೀಡೊಮೀಟರ್ ಕೇಬಲ್, ರಿವರ್ಸ್ ಲೈಟ್ ವೈರ್, ಅರ್ತ್ ವೈರ್, ಸ್ಟಾರ್ಟರ್ ಬಿಚ್ಚಿ. ಆಕ್ಸೆಲ್‌ಗಳನ್ನು ಹೊರಗೆಳೆಯಿರಿ.

ಗೇರ್‌ಬಾಕ್ಸ್ ಕಡೆಯ ಮೌಂಟ್ ಬಿಚ್ಚುವ ಮುನ್ನ ಎಂಜಿನ್ನಿಗೆ ಮೇಲಿನಿಂದ ಸರಪಳಿ ಅಥವಾ ಸಪೋರ್ಟ್ ಬಾರ್ ಆಸರೆ ಕೊಡಿ. ಚೇಂಬರ್ ಕೆಳಗೆ ಜಾಕ್ ಇಟ್ಟರೆ ತಗಡು ನೆಗ್ಗುತ್ತದೆ. ಬೆಲ್ ಹೌಸಿಂಗ್ ಬೋಲ್ಟ್‌ಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಸುತ್ತು ಬರೆದು, ತೂತು ಮಾಡಿ, ಆಯಾ ಜಾಗಕ್ಕೆ ಚುಚ್ಚಿಡಿ. ಗೇರ್‌ಬಾಕ್ಸನ್ನು ಎಂಜಿನ್ನಿನಿಂದ ನೇರವಾಗಿ ಆಚೆಗೆ ಎಳೆಯಬೇಕು. ಅರ್ಧ ಬಂದಾಗ ಜೋತುಬಿಟ್ಟರೆ ಅಷ್ಟೂ ಭಾರ ಇನ್‌ಪುಟ್ ಶಾಫ್ಟ್ ಮೂಲಕ ಕ್ಲಚ್ ಪ್ಲೇಟಿನ ನಡುಭಾಗವನ್ನು ಸೊಟ್ಟ ಮಾಡುತ್ತದೆ.

ಹಂತ 7: ಒರೆಸುವ ಮುಂಚೆ ಒಳಗಿನ ಗುರುತು ಓದಿ

ಬೆಲ್ ಹೌಸಿಂಗ್ ತೆರೆದ ಕೂಡಲೇ ಬಟ್ಟೆ ಕೈಗೆತ್ತಿಕೊಳ್ಳಬೇಡಿ. ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಎಣ್ಣೆ ಎಲ್ಲಿಂದ ಬಂತೆಂಬ ಸಾಕ್ಷಿ ಅಲ್ಲಿದೆ, ಒಮ್ಮೆ ಒರೆಸಿದರೆ ಹೋಯಿತು.

ಫ್ಲೈವೀಲ್‌ನ ಎಂಜಿನ್ ಕಡೆಯ ಮೈ ಒದ್ದೆಯಾಗಿ, ನಡುವಿನಿಂದ ಅಂಚಿಗೆ ಕಿರಣಗಳಂತೆ ಎಣ್ಣೆ ಸಿಡಿದ ಗೆರೆಗಳಿದ್ದರೆ ಕ್ರ್ಯಾಂಕ್ ಸೀಲ್ ಅಥವಾ ಅದರ ಹೌಸಿಂಗ್ ಪ್ಯಾಕಿಂಗ್. ಕ್ಲಚ್ ಕಡೆಯ ಮೈಯಲ್ಲಿ, ಬೋಲ್ಟ್ ತಲೆಗಳ ಸುತ್ತ ಎಣ್ಣೆ ಇದ್ದರೆ ಫ್ಲೈವೀಲ್ ಬೋಲ್ಟ್‌ಗಳ ಎಳೆಯಿಂದ (ಥ್ರೆಡ್) ಬರುತ್ತಿದೆ. ಕೆಲವು ಎಂಜಿನ್‌ಗಳಲ್ಲಿ ಆ ತೂತುಗಳು ಒಳಗಿನ ಎಣ್ಣೆಯವರೆಗೆ ಆರಪಾರ ಇರುತ್ತವೆ, ಸೀಲೆಂಟ್ ಹಚ್ಚದೆ ಬಿಗಿದಿದ್ದರೆ ಸೋರುತ್ತವೆ. ಇನ್‌ಪುಟ್ ಶಾಫ್ಟ್, ರಿಲೀಸ್ ಬೇರಿಂಗ್ ಕೂರುವ ಕೊಳವೆ ಒದ್ದೆಯಾಗಿ ಗಂಧಕದ ವಾಸನೆ ಬಂದರೆ ಇನ್‌ಪುಟ್ ಸೀಲ್. ಫ್ಲೈವೀಲ್ ಪೂರ್ತಿ ಒಣಗಿದ್ದು ಬೆಲ್ ಹೌಸಿಂಗ್‌ನ ಮೇಲಂಚು ಮಾತ್ರ ಒದ್ದೆಯಿದ್ದರೆ ಎಣ್ಣೆ ಮೇಲಿನಿಂದಲೇ ಬಂದದ್ದು, ಎರಡನೇ ಹಂತಕ್ಕೆ ವಾಪಸ್ ಹೋಗಿ.

ಕ್ಲಚ್ ಧೂಳನ್ನು ಗಾಳಿಯಲ್ಲಿ ಊದಬೇಡಿ. ಹಳೆಯ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರ್‌ನಿಂದ ನೆನೆಸಿ ಒರೆಸಿ.

ಹಂತ 8: ಸೀಲ್ ಬದಲಿಸುವುದು

ಪ್ರೆಷರ್ ಪ್ಲೇಟ್, ಫ್ಲೈವೀಲ್ ಎರಡಕ್ಕೂ ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳಿ. ಸ್ಕ್ರೂಡ್ರೈವರ್‌ನಿಂದ ಸೀಲ್ ಮೀಟಿ ತೆಗೆಯುವಾಗ ಕ್ರ್ಯಾಂಕ್ ಮೇಲೆ ಒಂದು ಗೀರು ಬಿದ್ದರೂ ಹೊಸ ಸೀಲ್ ಅದೇ ಗೀರಿನಲ್ಲಿ ಸೋರುತ್ತದೆ. ಹೌಸಿಂಗನ್ನೇ ಬಿಚ್ಚಿ ಬೆಂಚಿನ ಮೇಲೆ ಸೀಲ್ ಬದಲಿಸುವುದು ಸುರಕ್ಷಿತ, ಪ್ಯಾಕಿಂಗೂ ಹೊಸದಾಗುತ್ತದೆ. ಹೌಸಿಂಗ್‌ನ ಕೆಳಗೆ ಚೇಂಬರ್‌ನಿಂದ ಬರುವ ಬೋಲ್ಟ್‌ಗಳನ್ನು ಮರೆಯಬೇಡಿ.

ಈಗ ಕ್ರ್ಯಾಂಕ್ ತುದಿಯ ಮೇಲೆ ಉಗುರು ಆಡಿಸಿ. ಹಳೆಯ ಸೀಲ್ ಉಜ್ಜಿದ ಕಡೆ ಹೊಳಪಿನ ಗೆರೆ ಇದ್ದೇ ಇರುತ್ತದೆ. ಉಗುರು ಸಿಕ್ಕಿಕೊಳ್ಳದಿದ್ದರೆ ಚಿಂತೆಯಿಲ್ಲ. ಸಿಕ್ಕಿಕೊಂಡರೆ ಅದು ಹಳ್ಳ. ಹೌಸಿಂಗ್‌ನಲ್ಲಿ ಜಾಗವಿದ್ದರೆ ಹೊಸ ಸೀಲನ್ನು 1 ಮಿ.ಮೀ. ಹಿಂದೆ ಅಥವಾ ಮುಂದೆ ಕೂರಿಸಿ, ತುಟಿ ಹೊಸ ಮೈ ಮೇಲೆ ಬರುವಂತೆ ಮಾಡಿ. ಹಳ್ಳ ಆಳವಾಗಿದ್ದರೆ ಕ್ರ್ಯಾಂಕ್ ಮೇಲೆ ತೊಡಿಸುವ ತೆಳು ಉಕ್ಕಿನ ತೋಳು, ರಿಪೇರಿ ಸ್ಲೀವ್, ಸಿಗುತ್ತದೆ. ತುಕ್ಕು ಒರೆಸಲು ನಯವಾದ ಎಮರಿ ಬಳಸಿದರೆ ಸುತ್ತಲೂ ತಿರುಗಿಸಿಯೇ ಉಜ್ಜಿ. ಉದ್ದಕ್ಕೆ, ಓರೆಗೆ ಎಳೆದ ಗೀರುಗಳು ತಿರುಗುವಾಗ ಸ್ಕ್ರೂ ಎಳೆಯಂತೆ ಎಣ್ಣೆಯನ್ನು ಹೊರಕ್ಕೆ ಸಾಗಿಸುತ್ತವೆ.

ಸೀಲ್‌ನ ಸ್ಪ್ರಿಂಗ್ ಇರುವ ಮುಖ ಎಂಜಿನ್ ಒಳಗಡೆಗೆ, ಎಣ್ಣೆಯ ಕಡೆಗೆ. ಮಾಮೂಲಿ ರಬ್ಬರ್ ಸೀಲ್ ಆದರೆ ತುಟಿಗೆ ಶುದ್ಧ ಎಂಜಿನ್ ಆಯಿಲ್ ಸವರಿ. ಸ್ಪ್ರಿಂಗ್ ಇಲ್ಲದೆ ಪ್ಲಾಸ್ಟಿಕ್ ಬಳೆ ತೊಡಿಸಿ ಬರುವ ಪಿಟಿಎಫ್‌ಇ (ಟೆಫ್ಲಾನ್) ಸೀಲ್ ಆದರೆ ಇದರ ತದ್ವಿರುದ್ಧ: ಎಣ್ಣೆ ಸೋಕಿಸದೆ ಒಣಗೇ ಹಾಕಬೇಕು, ತುಟಿ ಮುಟ್ಟಬಾರದು, ಎಂಜಿನ್ ಚಾಲೂ ಮಾಡುವ ಮುನ್ನ ನಾಲ್ಕು ಗಂಟೆಯಾದರೂ ಬಿಡಬೇಕು. ಈ ಎರಡನ್ನು ಅದಲು ಬದಲು ಮಾಡುವುದರಿಂದ ಎಷ್ಟೋ ಹೊಸ ಸೀಲ್‌ಗಳು ಹಾಳಾಗುತ್ತವೆ.

ಸೀಲ್ ಒತ್ತಲು ಅದರ ಹೊರಬಳೆಯಷ್ಟೇ ಅಗಲದ ಪೈಪ್ ತುಂಡು ಅಥವಾ ಸಪಾಟು ಹಲಗೆ ಬಳಸಿ, ಸುತ್ತಲೂ ಸಮನಾಗಿ ತಟ್ಟಿ. ನಾಲ್ಕು ಕಡೆ ವರ್ನಿಯರ್‌ನಿಂದ ಆಳ ಅಳೆಯಿರಿ, ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ.

ಹೌಸಿಂಗ್ ಕೂರಿಸಿದ ಮೇಲೆ ಕಾಗದದ ಪ್ಯಾಕಿಂಗ್‌ನ ತುದಿಗಳು ಕೆಳಗೆ ಚೇಂಬರ್ ಕೂರುವ ಮೈಯಿಂದ ಕೂದಲೆಳೆಯಷ್ಟು ಹೊರಚಾಚಿರುತ್ತವೆ. ಹರಿತ ಬ್ಲೇಡಿನಿಂದ ಅದನ್ನು ಸಪಾಟಾಗಿ ಕತ್ತರಿಸಿ, ಆ ಎರಡು ಮೂಲೆಗಳಿಗೆ ಬೇಳೆಕಾಳಿನಷ್ಟು ಸೀಲೆಂಟ್ ಇಡಿ. ಬ್ಲಾಕ್, ಹೌಸಿಂಗ್, ಚೇಂಬರ್ ಮೂರೂ ಕೂಡುವ ಮೂಲೆ ಅದು. ಸೀಲ್ ಹೊಸದಾಗಿದ್ದೂ ಲೀಕ್ ನಿಲ್ಲದ ಕಡೆ ಹುಡುಕಿದರೆ ಕೊನೆಗೆ ಸಿಗುವುದು ಈ ಮೂಲೆಯೇ. ಬೇರೆ ಕಡೆ ಸೀಲೆಂಟ್ ಗೆರೆ 2–3 ಮಿ.ಮೀ. ಮೀರಬಾರದು. ಒಳಕ್ಕೆ ಉಕ್ಕಿದ್ದು ಕಳಚಿ ಬಿದ್ದು ಆಯಿಲ್ ಪಂಪಿನ ಜರಡಿಗೆ ಅಡ್ಡ ನಿಲ್ಲುತ್ತದೆ.

ಇದೇ ಹೊತ್ತಿನಲ್ಲಿ ಕ್ರ್ಯಾಂಕ್ ಹಿಂದೆ ಮುಂದೆ ಎಷ್ಟು ಆಡುತ್ತದೆ ಎಂದು ಡಯಲ್ ಗೇಜ್ ಇಟ್ಟು ನೋಡಿ. 0.1ರಿಂದ 0.3 ಮಿ.ಮೀ. ಸಾಮಾನ್ಯ. ನಿಮ್ಮ ಎಂಜಿನ್ನಿನ ಮಿತಿ ಸರ್ವಿಸ್ ಮ್ಯಾನ್ಯುವಲ್‌ನಲ್ಲಿದೆ. ಅದು ದಾಟಿದ್ದರೆ ಈ ಆಟವನ್ನು ತಡೆಯುವ ಥ್ರಸ್ಟ್ ವಾಷರ್ ಸವೆದಿದೆ, ಯಾವ ಸೀಲೂ ಬಾಳುವುದಿಲ್ಲ.

ಹಂತ 9: ಇನ್‌ಪುಟ್ ಸೀಲ್, ಫ್ಲೈವೀಲ್, ಕ್ಲಚ್

ಇನ್‌ಪುಟ್ ಸೀಲ್ ಸೋರದಿದ್ದರೂ ಈಗಲೇ ಬದಲಿಸಿ. ಹೊಸ ಸೀಲ್ ಇನ್‌ಪುಟ್ ಶಾಫ್ಟ್ ಹಲ್ಲುಗಳ ಮೇಲೆ ಜಾರುವಾಗ ತುಟಿ ಹರಿಯದಂತೆ ಹಲ್ಲಿಗೆ ಪ್ಲಾಸ್ಟಿಕ್ ಟೇಪ್ ಸುತ್ತಿಕೊಳ್ಳಿ.

ಫ್ಲೈವೀಲ್ ಬೋಲ್ಟ್‌ಗಳ ಎಳೆ ಎಣ್ಣೆಯಿಲ್ಲದಂತೆ ತೊಳೆದು, ತೂತು ಆರಪಾರವಿದ್ದರೆ ಎಳೆಗೆ ಸೀಲೆಂಟ್ ಹಚ್ಚಿ, ಎದುರುಬದುರಾಗಿ ಹಂತಹಂತವಾಗಿ ಬಿಗಿಯಿರಿ. ಇದರ ಟಾರ್ಕ್ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಅಂದಾಜಿನ ಮೇಲೆ ಬಿಗಿಯುವ ಬೋಲ್ಟ್ ಅಲ್ಲ. ಕೆಲವು ಕಾರುಗಳಲ್ಲಿ ಇವು ಒಮ್ಮೆ ಮಾತ್ರ ಬಳಸುವಂಥವು.

ಎಣ್ಣೆ ಕುಡಿದ ಕ್ಲಚ್ ಪ್ಲೇಟನ್ನು ತೊಳೆದು, ಸುಟ್ಟು ಹಾಕಿದರೆ ನಾಲ್ಕು ದಿನ ಹಿಡಿದಂತೆ ಕಂಡು ಮತ್ತೆ ಜಾರುತ್ತದೆ. ಎಣ್ಣೆ ಒಳಗೆ ಇಳಿದಿರುತ್ತದೆ, ಬಿಸಿಯಾದಾಗ ಮೇಲೆ ಬರುತ್ತದೆ. ಬದಲಿಸಿಬಿಡಿ. ಇನ್‌ಪುಟ್ ಶಾಫ್ಟ್ ಹಲ್ಲಿಗೆ ಗ್ರೀಸ್ ಮಿಂಚುವಷ್ಟು ಮಾತ್ರ. ಮುದ್ದೆಯಾಗಿ ಹಚ್ಚಿದರೆ ಅದೇ ಹೊಸ ಪ್ಲೇಟಿಗೆ ಸಿಡಿಯುತ್ತದೆ.

ಹಂತ 10: ಏರಿಸಿ, ಪರೀಕ್ಷಿಸಿ

ಬ್ಲಾಕ್‌ನಲ್ಲಿ ಗೇರ್‌ಬಾಕ್ಸನ್ನು ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್‌ಗಳು ಇವೆಯೇ ನೋಡಿ. ಒಂದು ಕಳೆದುಹೋದರೂ ಗೇರ್‌ಬಾಕ್ಸ್ ಕೂದಲಷ್ಟು ಓರೆಯಾಗಿ ಕೂತು ಇನ್‌ಪುಟ್ ಬೇರಿಂಗನ್ನೂ ಸೀಲನ್ನೂ ತಿನ್ನುತ್ತದೆ. ಎರಡು ಮೈ ಕೈಯಿಂದಲೇ ಪೂರ್ತಿ ಕೂಡಬೇಕು. ಸಂದಿ ಉಳಿದಿದ್ದರೆ ಕ್ಲಚ್ ಪ್ಲೇಟ್ ಮಧ್ಯಕ್ಕಿಲ್ಲ ಎಂದರ್ಥ. ಬೋಲ್ಟ್ ಬಿಗಿದು ಎಳೆದರೆ ಬೆಲ್ ಹೌಸಿಂಗ್‌ನ ಕಿವಿ ಸೀಳುತ್ತದೆ.

ಕಾರು ಮಟ್ಟವಾಗಿ ನಿಂತಿರುವಾಗ, ತುಂಬುವ ತೂತಿನಿಂದ ಹೊರ ತುಳುಕುವವರೆಗೆ ಗೇರ್ ಆಯಿಲ್ ಹಾಕಿ. ಸೀಲೆಂಟ್ ಬಳಸಿದ್ದರೆ ಒಂದು ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಕ್ಲಚ್ ಕೇಬಲ್‌ನ ಆಟ ಹೊಂದಿಸಿ, ಚಾಲೂ ಮಾಡಿ 15 ನಿಮಿಷ ಐಡಲ್‌ನಲ್ಲಿ ಬಿಟ್ಟು ಕೆಳಗೆ ನೋಡಿ, ಆಮೇಲೆ 20 ಕಿ.ಮೀ. ಓಡಿಸಿ ಮತ್ತೆ ನೋಡಿ. ಬೆಲ್ ಹೌಸಿಂಗ್ ಮೂಲೆಗಳಲ್ಲಿ ಉಳಿದ ಹಳೆಯ ಎಣ್ಣೆ ಮೊದಲ ದಿನಗಳಲ್ಲಿ ಒಂದೆರಡು ಹನಿ ಇಳಿಯಬಹುದು. ಬಿಳಿ ರಟ್ಟನ್ನು ಒಂದು ವಾರ ದಿನವೂ ಹಾಸಿ, ಕಲೆಯ ಸುತ್ತ ಪೆನ್ನಿನಿಂದ ಗೆರೆ ಹಾಕಿ ತಾರೀಕು ಬರೆಯಿರಿ. ದಿನದಿಂದ ದಿನಕ್ಕೆ ಕಲೆ ಕಿರಿದಾಗುತ್ತಿದ್ದರೆ ಅದು ಹಳೆಯ ಎಣ್ಣೆ. ಅಷ್ಟೇ ಇದ್ದರೆ ಅಥವಾ ಹಿಗ್ಗಿದರೆ, ಮೂರನೇ ಹಂತದ ಪ್ಲಾಸ್ಟಿಕ್ ಚೀಲದಿಂದ ಪರೀಕ್ಷೆ ಮತ್ತೆ ಶುರು ಮಾಡಿ. 500 ಕಿ.ಮೀ. ಆದಾಗ ಡಿಪ್‌ಸ್ಟಿಕ್ ಮತ್ತು ಗೇರ್ ಆಯಿಲ್ ಮಟ್ಟ ಎರಡನ್ನೂ ಒಮ್ಮೆ ನೋಡಿ. ಬಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.